ಈ ಕೂಸನ್ನು ಯಾರ ಮನೆಗೆ ಬರೆಯಲಿ?

ಸರ್ಕಾರಕ್ಕೆ ಏನನ್ನಾದರೂ ಎಣಿಸಬೇಕು ಅನ್ನಿಸಿದಾಗಲೆಲ್ಲ ಮೊದಲು ನೆನಪಾಗುವವನು ಪ್ರೈಮರಿ ಸ್ಕೂಲಿನ ಮೇಷ್ಟ್ರು. ಮಕ್ಕಳಿಗೆ ಎಣಿಸಲು ಕಲಿಸುತ್ತಾನಲ್ಲ, ಊರನ್ನೂ ಇವನೇ ಎಣಿಸಲಿ ಎಂಬ ಲೆಕ್ಕಾಚಾರ. ಹೀಗೆ ಎಣಿಸಲು ಹೋದಾಗಲೆಲ್ಲ ನನಗೆ ಒಂದಲ್ಲ ಒಂದು ಪೇಚು ಗಂಟುಬೀಳುತ್ತದೆ. ನಗಬೇಕೋ ಅಳಬೇಕೋ ತಿಳಿಯದೆ ಮನೆಗೆ ಬಂದು ಸುಮ್ಮನೆ ಮಲಗಿಬಿಡುತ್ತೇನೆ.

ಎಪ್ಪತ್ತೊಂದರಲ್ಲಿ ಖಾನೇಷುಮಾರಿ ಬಂತು. ಕಾಗದದ ಮೇಲೆ ಜನಗಣತಿ ಎಂದು ಅಚ್ಚಾಗಿತ್ತು, ಹೊಸದುರ್ಗದಲ್ಲಿ ಮಾತ್ರ ಹಳಬರು ಯಾರೂ ಹಾಗೆ ಅನ್ನುತ್ತಿರಲಿಲ್ಲ. ನನ್ನ ಪಾಲಿಗೆ ಊರಂಚಿನ ಒಂದು ಬೀದಿ ಬಿತ್ತು. ಒಂದು ಸಾಲಿನಲ್ಲಿ ಕುರಿ, ಹೊಲ ಇದ್ದವರ ಮನೆಗಳು, ಎದುರು ಸಾಲಿನಲ್ಲಿ ಸಾಬರ ಮನೆಗಳು. ಎಲ್ಲರನ್ನೂ ಬರೆದೆ. ಒಂದು ಕೂಸನ್ನು ಮಾತ್ರ ಎಲ್ಲಿ ಬರೆಯಬೇಕು ಎಂದು ತಿಳಿಯದೆ ಒದ್ದಾಡಿಬಿಟ್ಟೆ. ತನ್ನ ಮನೆಗೆ ಬರೆದರೆ ಆ ಕೂಸು ಸತ್ತೇಹೋಗುತ್ತದೆ ಎಂದು ಅದರ ತಾಯಿ ನಂಬಿದ್ದಳು. ಅವಳ ಮನೆ ಬೀದಿಯ ನಡುವೆ ಇತ್ತು. ನಾನು ತುದಿಯಿಂದ ಶುರು ಮಾಡಿದ್ದೆ, ಹೇಳುವುದನ್ನೂ ಅಲ್ಲಿಂದಲೇ ಹೇಳುತ್ತೇನೆ.

ಒಲೆ ಎಷ್ಟು?

ಜಿಲ್ಲಾ ಕೇಂದ್ರ ದುರ್ಗದಲ್ಲಿ ಕೊಟ್ಟ ತರಬೇತಿಯಲ್ಲಿ ಒಂದು ಮಾತನ್ನು ನಮ್ಮ ತಲೆಗೆ ತುಂಬಿ ಕಳಿಸಿದ್ದರು. ಒಂದು ಒಲೆ ಎಂದರೆ ಒಂದು ಸಂಸಾರ. ಬಾಗಿಲು ನೋಡಬೇಡಿ, ಗೋಡೆ ನೋಡಬೇಡಿ, ಒಲೆ ನೋಡಿ.

ಮೊದಲ ಮನೆಯಲ್ಲಿ ಅಣ್ಣ ತಮ್ಮ ಇಬ್ಬರು. ಅಣ್ಣ ಜಗಲಿಯ ಮೇಲೆ ಕೂತು, ಅಪ್ಪನ ಕಾಲದಿಂದ ನಾವು ಬೇರೆ ಆದವರಲ್ಲ, ಒಂದೇ ಸಂಸಾರ ಎಂದು ಹೆಮ್ಮೆಯಿಂದ ಹೇಳಿದ. ಒಳಗೆ ಇಣುಕಿದರೆ ಎರಡು ಒಲೆ ಉರಿಯುತ್ತಿದ್ದವು. ವಾರಗಿತ್ತಿಯರಿಬ್ಬರು ಬೆನ್ನಿಗೆ ಬೆನ್ನು ಹಾಕಿ ಮುದ್ದೆ ತಿರುವುತ್ತಿದ್ದರು. ಅವರಿಬ್ಬರಲ್ಲಿ ಮಾತು ನಿಂತು ವರ್ಷಗಳೇ ಆಗಿದ್ದವಂತೆ. ನಾನು ಸಿಕ್ಕಿದ್ದೇ ಅನುಕೂಲವಾಯಿತು. ಅವರ ಹೊಗೆ ನನ್ನ ಕಣ್ಣಿಗೆ ಬರುತ್ತೆ ಅಂತ ಅವರಿಗೆ ಹೇಳಿ ಎಂದು ಒಬ್ಬಳು, ಕಣ್ಣು ಮುಚ್ಚಿಕೊಂಡು ಅಡುಗೆ ಮಾಡಲಿ ಎಂದು ಹೇಳಿ ಎಂದು ಇನ್ನೊಬ್ಬಳು. ಅಷ್ಟನ್ನೂ ಅತ್ತಿಂದಿತ್ತ ಸಾಗಿಸಿ, ಎರಡು ಸಂಸಾರ ಎಂದು ಬರೆದುಕೊಂಡು ಹೊರಬಿದ್ದೆ. ಅಣ್ಣನ ಮುಖ ಸಪ್ಪಗಾಯಿತು.

ಮಾರನೆಯ ದಿನ ಅವನು ಸ್ಕೂಲಿಗೇ ಬಂದ. ಎರಡು ಎಂದು ಬರೆದದ್ದು ಕೇಳಿ ಹೆಂಗಸರಿಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರಂತೆ, ಇನ್ನು ಒಂದೇ ಒಲೆ ಸಾಕು ಅಂದರಂತೆ. ನನಗೂ ಸಂತೋಷವಾಯಿತು. ಸರ್ಕಾರಿ ಕಾಗದದಿಂದ ಒಂದು ಮನೆ ಕೂಡಿತಲ್ಲ ಎಂದು ಎರಡನ್ನು ಹೊಡೆದು ಒಂದು ಮಾಡಿ, ಸಂಜೆ ಓದಿ ಹೇಳಲು ಅವರ ಮನೆಗೆ ಹೋದೆ. ಅಣ್ಣ ಬಾಗಿಲಲ್ಲೇ ತಡೆದ. ಯಾರ ಒಲೆ ಕೀಳಬೇಕು ಎಂದು ಮತ್ತೆ ಜಗಳ ಹತ್ತಿಕೊಂಡಿತ್ತು.

"ಮೂರು ಅಂತ ಬರೀರಿ ಮೇಷ್ಟ್ರೇ," ಅಂದ. "ಇವ್ರ ಸಹವಾಸನೇ ಬ್ಯಾಡ ಅಂತ ನಮ್ಮವ್ವನೂ ಒಂದು ಹೂಡ್ಯಾಳೆ."

ಮನೆಯಲ್ಲಿ ಯಾರ್ಯಾರು?

ಅದರ ಪಕ್ಕದಲ್ಲಿ ಒಬ್ಬ ಮುದುಕನ ಮನೆ. ಮನೆಯಲ್ಲಿ ಯಾರ್ಯಾರು ಎಂದು ಕೇಳಿದೆ. ಹೆಂಡತಿಯ ಹೆಸರು ಹೇಳಿದ, ಇಬ್ಬರು ಗಂಡುಮಕ್ಕಳ ಹೆಸರು ಹೇಳಿದ. ದೊಡ್ಡವನಿಗೆ ಕೋಪ ಜಾಸ್ತಿ, ಚಿಕ್ಕವನು ಕುರಿ ಕಾಯುವುದರಲ್ಲಿ ಚುರುಕು ಎಂದು ನಿಧಾನವಾಗಿ, ಒಬ್ಬೊಬ್ಬರದೂ ಗುಣ ಹೇಳುತ್ತಾ ಹೋದ. ನಾನೂ ಬರೆಯುತ್ತಾ ಹೋದೆ. ಮುಗಿದ ಮೇಲೆ, ಎಲ್ಲರೂ ಹೊಲಕ್ಕೆ ಹೋಗಿದ್ದಾರೋ ಎಂದು ಕೇಳಿದೆ. ಗದ್ದ ಎತ್ತಿ ಮೇಲಕ್ಕೆ ತೋರಿಸಿದ. ಮೂವರೂ ಸತ್ತು ಯಾವುದೋ ಕಾಲವಾಗಿತ್ತು.

ಬಿಸಿಲಿನಲ್ಲಿ ಅಲೆದು ಬಂದಿದ್ದೆ, ಸಿಟ್ಟು ಬಂತು. ಮತ್ತೆ ಯಾಕೆ ಬರೆಸಿದಿರಿ ಎಂದು ಕೇಳಿದೆ. ನೀವು ಕೇಳಿದಿರಿ, ಅವರನ್ನು ಯಾರಾದರೂ ಕೇಳಿ ಎಷ್ಟೋ ವರ್ಷವಾಗಿತ್ತು, ಅದಕ್ಕೇ ಹೇಳಿದೆ ಅಂದ. ಆದರೂ ಹೆಸರು ಹೊಡೆಯಲೇಬೇಕಲ್ಲ, ಹೆಂಡತಿಯ ಹೆಸರಿನ ಮೇಲೆ ಪೆನ್ನು ಇಟ್ಟೆ. ಮುದುಕ ಬಗ್ಗಿ ನೋಡಿದ.

"ನಮ್ಮಾಕೀನ ಕೊನೆಗೆ ಹೊಡೀರಿ," ಅಂದ. "ಮೊದ್ಲೇ ಹೊಡದ್ರೆ ಹುಡುಗ್ರಿಗೆ ಮುದ್ದೆ ಮಾಡಿಕ್ಕೋರು ಯಾರು?"

ದಿಲ್ಲಿಗೆ ಹೋಗುವ ಕಾಗದ

ಬೀದಿಯ ನಡುವಿನ ಮನೆಗೆ ಬಂದೆ. ಗಂಡ ಕುರಿ ಹೊಡೆದುಕೊಂಡು ಮತ್ತೋಡಿನ ಕಡೆ ಹೋಗಿದ್ದ. ಹೆಂಡತಿ ಮೂರು ವರ್ಷದ ಒಂದು ಗಂಡುಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಊಟ ಮಾಡಿಸುತ್ತಿದ್ದಳು. ಮನೆಯಲ್ಲಿ ಎಷ್ಟು ಜನ ಎಂದರೆ ಇಬ್ಬರೇ ಅಂದಳು. ಇದು ಯಾರದು ಎಂದೆ. ಎದುರು ಮನೇದು, ಕಲಾಯಿ ಸಾಬರದು ಅಂದಳು. ಕೂಸಿನ ಹಣೆ, ಕಣ್ಣು ಎಲ್ಲ ಅವಳದೇ. ಆದರೆ ಅದು ಅವಳ ಮುಖ ನೋಡಿ, ಅತ್ತೇ ನೀರು ಅಂದಿತು. ಸರಿ, ನನಗೇಕೆ ಎಂದು ಎರಡು ಬರೆದು ಎದ್ದೆ.

ಹೊರಗೆ ಆ ಮುದುಕ ನಿಂತಿದ್ದ. ಕೂಸು ಅವಳದೇ ಎಂದು ಅವನೇ ಬಿಡಿಸಿ ಹೇಳಿದ. ಅವಳು ಇದಕ್ಕೂ ಮೊದಲು ಮೂರು ಹೆತ್ತಿದ್ದಳು. ಮೂರೂ ಎರಡನೆಯ ಬೇಸಿಗೆ ಕಾಣಲಿಲ್ಲ. ಇದು ಹುಟ್ಟಿದಾಗ ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಮಾರಿಬಿಟ್ಟರು. ಎದುರು ಮನೆಯ ಕಲಾಯಿಯವನ ಹೆಂಡತಿ ತೌಡು ಕೊಟ್ಟು ಕೊಂಡುಕೊಂಡಳು. ಅಂದಿನಿಂದ ಕೂಸು ಅವರದು, ಇವಳು ಬರೀ ಸಾಕುವವಳು. ಸಾವು ಹುಡುಕಿಕೊಂಡು ಬಂದರೆ ಈ ಮನೆಯಲ್ಲಿ ಮಕ್ಕಳೇ ಇಲ್ಲ. ಹೆತ್ತ ಮಗನ ಬಾಯಲ್ಲಿ ಅವ್ವ ಅನ್ನಿಸಿಕೊಳ್ಳುವುದನ್ನೂ ಬಿಟ್ಟು, ಅತ್ತೆ ಅನ್ನುವುದನ್ನು ಕಲಿಸಿದ್ದಳು.

ನಾನು ಒಳಗೆ ವಾಪಸು ಹೋದೆ. ಈ ಕಾಗದ ಯಮನಿಗಲ್ಲಮ್ಮ, ದಿಲ್ಲಿಗೆ ಹೋಗುತ್ತದೆ, ಇದರಲ್ಲಿ ಬರೆದದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಒಪ್ಪಿಸಿದೆ. ಅವಳು ಕೂಸಿನ ಬಾಯಿ ಒರೆಸುತ್ತಾ ಪೂರ್ತಿ ಕೇಳಿದಳು.

"ಅಷ್ಟು ದೂರದ ದಿಲ್ಲಿಗೇ ಗೊತ್ತಾದದ್ದು ಅವ್ನಿಗೆ ಗೊತ್ತಾಗ್ದೆ ಇರ್ತೈತಾ ಮೇಷ್ಟ್ರೇ?" ಅಂದಳು.

ಖರೀದಿ

ಎದುರು ಮನೆಗೆ ಹೋದೆ. ಕಲಾಯಿ ಸಾಬರು ಅಂಗಳದಲ್ಲಿ ಕುಲುಮೆ ಊದುತ್ತಾ ಯಾರದೋ ಹಂಡೆಗೆ ಕಲಾಯಿ ಹಾಕುತ್ತಿದ್ದರು. ಹಂಡೆಯೊಳಗೆ ಉದುರಿಸಿದ ನವಸಾಗರದ ಪುಡಿಯ ಹೊಗೆಯಲ್ಲಿ ಕಣ್ಣು ಬಿಡಲಾಗುತ್ತಿರಲಿಲ್ಲ. ಅವರ ಹೆಣ್ಣುಮಕ್ಕಳೆಲ್ಲ ಮದುವೆಯಾಗಿ ಹೋಗಿದ್ದರು, ಗಂಡ ಹೆಂಡತಿ ಇಬ್ಬರೇ. ಆದರೆ ಮೂವರು ಎಂದು ಹೇಳಿದರು.

ಕೂಸು ಊಟ ಮಾಡುವುದು ಎಲ್ಲಿ ಎಂದೆ, ಅಲ್ಲಿ ಎಂದು ಎದುರು ಮನೆ ತೋರಿಸಿದರು. ಮಲಗುವುದು? ಅಲ್ಲೇ. ಸ್ನಾನ? ಅದೂ ಅಲ್ಲೇ. ಮತ್ತೆ ನಿಮ್ಮದು ಹೇಗಾಯಿತು ಎಂದರೆ, ಕೊಂಡಿದ್ದೇವಲ್ಲ ಎಂದು ಒಳಗಿನಿಂದ ಹೆಂಡತಿ ಹೇಳಿದಳು. ಪುಕ್ಕಟೆ ಬಂದದ್ದಲ್ಲ ಎಂದು ಸಾಬರೂ ದನಿ ಸೇರಿಸಿದರು. ಆ ತೌಡು ಅವರ ಎಮ್ಮೆಯದಾಗಿತ್ತು, ಅವತ್ತು ಅದು ಹಾಲು ಕೊಡದೆ ಒದೆಯಿತಂತೆ. ಮನೆಯ ಯಜಮಾನನಿಗೆ ಏನಾಗಬೇಕು ಎನ್ನುವ ಕಡೆ ಏನು ಬರೆಯಲಿ ಎಂದು ಕೇಳಿದೆ. ಖರೀದಿ ಎಂದು ಬರೆಯಿರಿ ಅಂದರು. ಮಗ, ಮಗಳು, ಅಳಿಯ ಎಂದು ಬರೆಯಬಹುದು, ಖರೀದಿ ಎಂದು ಬರೆಯಲು ಬರುವುದಿಲ್ಲ ಎಂದೆ. ಸರ್ಕಾರಕ್ಕೆ ಇಷ್ಟೂ ತಿಳಿಯದೇ ಎಂಬಂತೆ ನನ್ನನ್ನು ನೋಡಿದರು.

ಕೊನೆಗೆ ಕೂಸಿನ ಧರ್ಮ ಯಾವುದೆಂದು ಬರೆಯಬೇಕಿತ್ತು. ಹೇಗೆ ಕೇಳುವುದು ಎಂದು ನಾನು ಅನುಮಾನಿಸುತ್ತಾ ಕೇಳಿದೆ. ಸಾಬರು ಕುಲುಮೆ ಊದುವುದನ್ನು ನಿಲ್ಲಿಸಿದರು.

"ಅವ್ರದ್ದೇ ಬರೀರಿ," ಅಂದರು. "ನಾವು ಕೂಸು ಕೊಂಡಿದೀವಿ, ದೇವರನ್ನ ಕೊಂಡಿಲ್ಲ."

ಹೆಡ್‌ಮೇಷ್ಟ್ರು ಓದಿದ್ದು

ನನ್ನ ಮೇಲೆ ಸೂಪರ್‌ವೈಸರ್ ಆಗಿದ್ದವರು ಹೈಸ್ಕೂಲಿನ ಹೆಡ್‌ಮೇಷ್ಟ್ರು. ಮೂಢನಂಬಿಕೆಯ ವಿರುದ್ಧ ಪ್ರತಿ ವರ್ಷ ಮಕ್ಕಳ ಮುಂದೆ ಭಾಷಣ ಮಾಡುತ್ತಿದ್ದ ಮನುಷ್ಯ. ಕೂಸಿನ ಕತೆ ಹೇಳಿದ್ದೇ ತಡ, ಛತ್ರಿ ತೆಗೆದುಕೊಂಡು ಎದ್ದರು. ಎಲ್ಲಿ ಉಣ್ಣುತ್ತದೋ ಅಲ್ಲಿಗೆ ಬರೆಯಬೇಕು, ಸರ್ಕಾರದ ಕಾಗದದಲ್ಲಿ ತಿಪ್ಪೆಗೆ ಜಾಗವಿಲ್ಲ ಅಂದರು.

ನಾವು ಹೋದಾಗ ತಾಯಿ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಮೂರು ಅಂತ ಬರೀರಿ ಎಂದು ಹೆಡ್‌ಮೇಷ್ಟ್ರು ನನಗೆ ಹೇಳಿದ್ದನ್ನು ಕೇಳಿ ಹೊಸ್ತಿಲ ಮೇಲೆ ಕುಸಿದು ಕೂತಳು.

"ಬರೀಬ್ಯಾಡ್ರಿ ಸಾಮಿ," ಅಂದಳು. "ಮೂರನ್ನೂ ನನ್ನವೇ ಅಂತ ಎತ್ತಿ ಆಡ್ಸಿದೆ. ಮೂರೂ ಮಣ್ಣಿಗೆ ಹೋದ್ವು. ಇದು ನನ್ನ ಅವ್ವ ಅನ್ನದಿದ್ರೂ ಚಿಂತಿಲ್ಲ, ಕಣ್ಣ ಮುಂದೆ ಇರ್ಲಿ."

ನಾನು ಪೆನ್ನನ್ನು ಜೇಬಿಗೆ ಹಾಕಿಕೊಂಡೆ. ಹೆಡ್‌ಮೇಷ್ಟ್ರು ಮಾತ್ರ ಬಗ್ಗಿ, ಬರೆದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ ಎಂದು ಸಮಾಧಾನವಾಗಿ ತಿಳಿಹೇಳತೊಡಗಿದರು. ಹೀಗೆ ಮಾರಿದ ಗಂಡುಕೂಸಿಗೆ ನಮ್ಮ ಕಡೆ ಮೂಗು ಚುಚ್ಚಿ ತಾಮ್ರದ ತಂತಿ ಹಾಕುತ್ತಾರೆ, ಹೆಣ್ಣೆಂದು ತಿಳಿದು ಸಾವು ಮುಂದೆ ಹೋಗಲಿ ಎಂದು. ಈ ಕೂಸಿಗೂ ಹಾಕಿದ್ದರು. ಅವಳು ಕೂಸಿನ ಮೂಗಿನಿಂದ ತಲೆ ಎತ್ತಿ, ಹತ್ತಿರದಲ್ಲೇ ಬಗ್ಗಿದ್ದ ಹೆಡ್‌ಮೇಷ್ಟ್ರ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ನಿಮ್ ಮೂಗ್ನಾಗೂ ತೂತೈತಲ್ಲ ಸಾಮಿ," ಅಂದಳು. "ನಿಮ್ಮವ್ವ ಎಷ್ಟು ಕಳಕಂಡಿದ್ಲು?"

ಹೆಡ್‌ಮೇಷ್ಟ್ರ ಕೈ ತಾನಾಗಿಯೇ ಮೂಗಿಗೆ ಹೋಯಿತು. ಇಷ್ಟು ವರ್ಷ ಜೊತೆಗಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಅವರು ಛತ್ರಿ ಮಡಿಸಿ ಜಗಲಿಯ ಮೇಲೆ ಕೂತುಬಿಟ್ಟರು. ಎಷ್ಟು ಎಂದು ಅವರಿಗೂ ಗೊತ್ತಿರಲಿಲ್ಲ. ಅವರವ್ವ ಯಾವತ್ತೂ ಹೇಳಿರಲಿಲ್ಲವಂತೆ. ತಮ್ಮೂರು ಯಲ್ಲದಕೆರೆಯಲ್ಲಿ ಅವರನ್ನು ಕುಂಬಾರರಿಗೆ ಮಾರಿದ್ದರಂತೆ. ದೊಡ್ಡವನಾದ ಮೇಲೆ ವಾಪಸು ಕೊಂಡುಕೊಳ್ಳುವುದು ಪದ್ಧತಿ, ಅದಕ್ಕೆ ಮೊದಲೇ ಅವ್ವ ತೀರಿಕೊಂಡಳು. ಲೆಕ್ಕದ ಪ್ರಕಾರ ನಾನಿನ್ನೂ ಕುಂಬಾರರವನೇ ಎಂದು ನಗದೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಎದುರು ಮನೆಗೇ ಬರೀರಿ, ಯಾರಾದರೂ ಕೇಳಿದರೆ ನಾನು ಹೇಳಿದೆ ಅನ್ನಿ ಅಂದರು.

ಬರೆದೆ. ಅವಳಿಗೆ ಅದೂ ಸಾಲಲಿಲ್ಲ. ನಮ್ಮ ಮನೆಯದನ್ನು ಜೋರಾಗಿ ಓದಿ ಹೇಳಿ, ಕೇಳುವವರಿಗೆಲ್ಲ ಕೇಳಲಿ ಅಂದಳು. ನಾನು ನಿಂತಲ್ಲೇ ಮೆಲ್ಲಗೆ ಓದತೊಡಗಿದೆ. ಹೆಡ್‌ಮೇಷ್ಟ್ರು ಕಾಗದ ಕಿತ್ತುಕೊಂಡು ಬೀದಿಯ ಮಧ್ಯಕ್ಕೆ ಹೋಗಿ ನಿಂತರು. ಇಡೀ ಹೈಸ್ಕೂಲನ್ನು ಸುಮ್ಮನಾಗಿಸುವ ದನಿ ಅವರದು. ಗಂಡನ ಹೆಸರು ಓದಿದರು, ಹೆಂಡತಿಯ ಹೆಸರು ಓದಿದರು, ಮಕ್ಕಳು ಯಾರೂ ಇಲ್ಲ ಎಂದು ಓದಿದರು. ಕಲಾಯಿ ಸಾಬರು ಹೊರಗೆ ಬಂದು ನಿಂತರು. ಮುದುಕ ತಲೆ ಆಡಿಸಿದ. ಮಕ್ಕಳಿಲ್ಲ ಎಂದು ಕೇಳಿ ಮುಖ ಅರಳಿದ ಹೆಂಗಸನ್ನು ನಾನು ನೋಡಿದ್ದು ಅವಳೊಬ್ಬಳನ್ನೇ.

ಆಗ ಅವಳ ಕಂಕುಳಲ್ಲಿದ್ದ ಕೂಸು ಅವಳ ಗದ್ದ ಹಿಡಿದು ತಿರುಗಿಸಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಕೇಳಿತು:

"ಅತ್ತೇ, ನಾನು?"

ಅವಳು ಅದರ ಬಾಯಿ ಮುಚ್ಚಿದಳು, ಆದರೆ ಮಾತು ಆಗಲೇ ಹೊರಬಿದ್ದಿತ್ತು. ಪ್ರತಿ ವರ್ಷ ಭಾಷಣ ಮಾಡುವ ಹೆಡ್‌ಮೇಷ್ಟ್ರು ಕಾಗದದಿಂದ ತಲೆ ಎತ್ತಿ, ಆಕಾಶದ ಕಡೆ ನೋಡಿ, ಮೊದಲಿಗಿಂತ ಜೋರಾಗಿ ಹೇಳಿದರು:

"ಅದು ಎದುರು ಮನೇದು."