ಚಿಗವ್ವನ ಗುಲಾಬಿ ಬಣ್ಣ

ಟಿಕೋಟಾದ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆಗೆ ಊಟಕ್ಕೆ ಹೋಗುವವರಿಗೆ ನನ್ನದೊಂದು ಎಚ್ಚರಿಕೆ: ನಿಮ್ಮ ತಾಟಿಗೆ ಬೀಳುವ ಮೊದಲು ಆ ಸಾರು ಲಿಟ್ಮಸ್ ಕಾಗದದ ಪರೀಕ್ಷೆ ಪಾಸಾಗಿರುತ್ತದೆ! ಮಕ್ಕಳನ್ನು ದಡ ಸೇರಿಸಿ, ತಲೆ ಅರ್ಧ ಬೆಳ್ಳಗಾದ ಮೇಲೆ ಈ ಮಹಾತಾಯಿ ರಸಾಯನಶಾಸ್ತ್ರದ ಪದವಿಗೆ ಸೇರಿದ್ದಳು. ಮನೆಯಲ್ಲೇ ಓದಿಕೊಂಡು, ರವಿವಾರ ಮಾತ್ರ ವಿಜಯಪುರಕ್ಕೆ ಹೋಗಿ ಪ್ರಯೋಗ ಮಾಡುವ ಪದವಿ. ಒಬ್ಬಳೇ ಹೋಗಲು ನಾಚಿಕೆಯೆಂದು ನನ್ನನ್ನೂ ಸೇರಿಸಿದಳು. ನನ್ನನ್ನು ಕೇಳಿದವರಾರು?

"ಈ ಡಿಗ್ರಿ ಬೇಕಾದಾಗ ಅರ್ಧಕ್ಕ ಬಿಡಬಹುದಂತಲ್ಲ, ಬಿಟ್ಟಬಿಡು," ಎಂದು ಅವಳ ಗಂಡ, ನಮ್ಮ ಕಾಕಾ, ಕಿಚಾಯಿಸುತ್ತಿದ್ದ.

"ಅರ್ಧಕ್ಕ ಬಿಡೂದು ನನಗ ಮೊದಲ ಬರತೈತ್ರಿ. ಮುಗಸೂದ ಕಲೀಬೇಕಾಗೈತಿ," ಎನ್ನುತ್ತಿದ್ದಳು ಚಿಗವ್ವ.

ಒಮ್ಮೆ ದಾಸವಾಳ ಕುದಿಸಿ, ಆ ಕೆಂಪು ನೀರನ್ನು ಪ್ರಯೋಗಕ್ಕೆಂದು ಲೋಟದಲ್ಲಿಟ್ಟಿದ್ದಳು. ಹೊಲದಿಂದ ಬಂದ ಕಾಕಾ ಶರಬತ್ತೆಂದು ಗಟಗಟ ಇಳಿಸಿದ. ವಿಷಯ ತಿಳಿದು ಗಾಬರಿಯಾಗಿ, "ಈಗ ಏನಾಗತೈತಿ?" ಎಂದ.

"ನಿಮಗೇನ ಆಗೂದಿಲ್ರಿ. ನನ್ನ ಪ್ರಯೋಗ ನಿಮ್ಮ ಹೊಟ್ಟಿಗಿ ಹೋತಲ್ರಿ!"

ಅಥಣಿ ರಸ್ತೆಯ ಬಸ್ಸಿನಲ್ಲಂತೂ ಕಣ್ಣು ಮುಚ್ಚಿ "ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ" ಎಂದು ಬಾಯಿಪಾಠ. ಪಕ್ಕದ ಅಜ್ಜಿಯೊಬ್ಬಳು ಕೈಮುಗಿದು, "ಯಾವ ದೇವರ ಸ್ತೋತ್ರ ಯವ್ವಾ ಇದು?" ಎಂದಳು.

"ಎಲ್ಲಾ ದೇವರೂ ಇದರಾಗ ಬರತಾರ, ಆಯಿ."

ಅಜ್ಜಿ ನನ್ನತ್ತ ತಿರುಗಿ, "ನೀನೂ ಅನ್ನು ಯವ್ವಾ!" ಎಂದು ಗದರಿದಳು. ವಿಜಯಪುರ ಬರುವವರೆಗೂ ಅಂದೆ! ಆ ರವಿವಾರಗಳನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ.

ಈ ಹಟದ ಬೇರು ಅವಳ ತವರೂರು ಬಬಲೇಶ್ವರದಲ್ಲಿತ್ತು. ಮದುವೆಗೆ ಮುಂಚೆ ಅಲ್ಲಿಂದ ವಿಜಯಪುರದ ಕಾಲೇಜಿಗೆ ಬರುತ್ತಿದ್ದ ಚಿಗವ್ವ, ಒಂದು ದಿನ ಲ್ಯಾಬಿನಲ್ಲಿ ಆಮ್ಲಕ್ಕೆ ಕ್ಷಾರವನ್ನು ಹನಿಹನಿಯಾಗಿ ಬಿಡುತ್ತಿದ್ದಳಂತೆ. ಗುಲಾಬಿ ಬಣ್ಣ ಬಂದರೆ ಪ್ರಯೋಗ ಮುಗಿದಂತೆ. ಅಷ್ಟರಲ್ಲಿ ಅವಳಣ್ಣ ಬಾಗಿಲಿಗೆ ಬಂದ: "ಗಂಡಿನ ಕಡಿಯವರು ನೋಡಾಕ ಬಂದಾರ, ನಡಿ." ಆ ಗಂಡು ನಮ್ಮ ಕಾಕಾನೇ. ಓದು ಅಲ್ಲಿಗೇ ನಿಂತಿತು. "ಆ ಬಣ್ಣ ನಾ ನೋಡಲೇ ಇಲ್ಲ ನೋಡು," ಎಂದು ಚಿಗವ್ವ ನಗುನಗುತ್ತಲೇ ಹೇಳುತ್ತಿದ್ದಳು.

ಕೊನೆಗೂ ಅದೇ ಪ್ರಯೋಗದ ರವಿವಾರ ಬಂತು. ನಮ್ಮ ಮೇಜು ಬಾಗಿಲ ಪಕ್ಕದಲ್ಲಿ. ನಮ್ಮನ್ನು ಕರೆತಂದಿದ್ದ ಕಾಕಾ ಹೊರಗಿನ ಬೆಂಚಿನ ಮೇಲೆ. ಚಿಗವ್ವ ಹನಿ ಬಿಡುತ್ತಿದ್ದಾಗ ಕಾಕಾನ ಫೋನು ಬಡಿದುಕೊಂಡಿತು. ಬಬಲೇಶ್ವರದ ಅದೇ ಅಣ್ಣ! ಅವನ ದನಿ ಲ್ಯಾಬಿನೊಳಗೂ ಕೇಳಿಸಿತು: "ನಿಮ್ಮ ಮನಿಗೆ ಮಂದಿ ಕರಕೊಂಡ ಬಂದೇನಿ. ತಂಗೀನ ಲಗೂನ ಕಳಸ್ರಿ!"

ಚಿಗವ್ವ ಗಾಜಿನ ಕೊಳವೆಯ ನಲ್ಲಿ ತಿರುಗಿಸಿ ಹನಿ ನಿಲ್ಲಿಸಿದಳು.

"ಬೀಗರ," ಎಂದ ಕಾಕಾ, "ಹೋದಸಲ ನನ್ನ ಸಲುವಾಗಿ ಅಕೀನ ನಡುವ ಎಬ್ಬಿಸಿಕೊಂಡ ಹೋಗಿದ್ರಿ. ಈ ಸಲ ಬಣ್ಣ ಬರೂತನಕ ಯಾರೂ ಕರೀಬ್ಯಾಡ್ರಿ. ಚಹಾ ನೀವ ಮಾಡ್ಕೊಂಡ ಕುಡೀರಿ."

ಚಿಗವ್ವ ಮತ್ತೆ ಹನಿ ಬಿಟ್ಟಳು. ಇನ್ನೊಂದು. ತಿಳಿಗುಲಾಬಿ ಬಣ್ಣ ಬಂತು, ಬಂದು ನಿಂತಿತು.

"ರೀಡಿಂಗ್ ಬರ್ಕೋರಿ ಅಮ್ಮಾರ," ಎಂದರು ಸರ್.

"ತಡೀರಿ ಸರ." ಕಣ್ಣೊರೆಸಿಕೊಂಡು, ಗಾಜಿನ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ಚಿಗವ್ವ ಬಾಗಿಲಿಗೆ ನಡೆದಳು. "ಮೊದಲ ಅವರಿಗೆ ತೋರಿಸಿ ಬರತೇನಿ."