ಮೇಲಲ್ಲ, ಕೆಳಗಿನದು

ಸಮಯಕ್ಕೆ ಸರಿಯಾಗಿ ಬದುಕುವವನಿಗೆ ಸ್ನೇಹಿತರು ಕಡಿಮೆ, ಆದರೆ ಬಸ್ಸು ತಪ್ಪುವುದಿಲ್ಲ. ಭದ್ರಾವತಿಯ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಕೂತು, ನಿವೃತ್ತನಾಗುವವರೆಗೂ ಬಂದವರ ಹೊತ್ತು ಹೋದವರ ಹೊತ್ತು ಬರೆದವನು ನಾನು. ಸೈರನ್ ಆದ ಮೇಲೆ ಗೇಟು ದಾಟಿದವನು ಸ್ವಂತ ಷಡ್ಡಕನಾದರೂ ಅವನ ಹೆಸರಿನ ಮುಂದೆ ಕೆಂಪು ಶಾಯಿಯೇ. ಈಗ ಶಿವಮೊಗ್ಗದ ರವೀಂದ್ರನಗರದಲ್ಲಿದ್ದರೂ ಐದಕ್ಕೆ ಏಳುತ್ತೇನೆ, ರಾತ್ರಿ ಎಂಟಕ್ಕೆ ಊಟಕ್ಕೆ ಕೂರುತ್ತೇನೆ. ಇಂಥವನ ಕೈಯಿಂದ ಒಂದು ವಸ್ತು ಹಾಳಾಗಿದ್ದರೆ ಅದೂ ಶಿಸ್ತಿನಿಂದಲೇ ಹಾಳಾಗಿರುತ್ತದೆ.

ಆ ವಸ್ತು ಒಂದು ವಿಡಿಯೋ ಗೇಮ್ ಡಬ್ಬ. ಕ್ವಾರ್ಟರ್ಸಿನಲ್ಲಿದ್ದಾಗ ಮಗಳಿಗೆಂದು ತಂದದ್ದು. ಮಗಳಿಗೆ ವಾರದಲ್ಲೇ ಬೇಸರವಾಯಿತು. ನನ್ನ ಹೆಂಡತಿ ಶಾರದೆಗೂ ಪಕ್ಕದ ಮನೆಯ ಸೆಲ್ವಿಗೂ ಬೇಸರವಾಗಲೇ ಇಲ್ಲ. ಡಬ್ಬದ ಮಗ್ಗುಲಲ್ಲಿ ರಿಮೋಟಿನ ವೈರು ಸಿಕ್ಕಿಸಲು ಒಂದರ ಕೆಳಗೊಂದು ಎರಡು ಪೋರ್ಟುಗಳು. ಮೇಲಿನದು ಶಾರದೆಯದು, ಕೆಳಗಿನದು ಸೆಲ್ವಿಯದು. ಇಬ್ಬರೂ ಸೇರಿ ಟ್ಯಾಂಕು ಓಡಿಸಿ ಶತ್ರುಗಳನ್ನು ಹೊಡೆಯುತ್ತಿದ್ದರು. ಎಂಟು ಹೊಡೆದದ್ದೇ ತಡ, ನಾನು ಹೋಗಿ ಕೆಳಗಿನ ವೈರನ್ನು ಎಳೆಯುತ್ತಿದ್ದೆ. ನಮ್ಮ ಮನೆಯ ಊಟದ ಸೈರನ್ ಅದು. ಹೀಗೆ ಎಳೆದೂ ಎಳೆದೂ ಒಂದು ದಿನ, ಅವರು ಹದಿನೇಳನೇ ಹಂತ ಇನ್ನೇನು ದಾಟಬೇಕು ಎನ್ನುವಾಗ, ಒಳಗಿನ ಪಿನ್ನು ಮುರಿದು ವೈರಿನ ಜೊತೆಯೇ ಬಂತು. ಡಬ್ಬ ಅಟ್ಟ ಸೇರಿತು.

ಹೋದ ತಿಂಗಳು ಸೆಲ್ವಿ ಫೋನು ಮಾಡಿ, ಭಾನುವಾರ ಬಂದು ಎರಡು ದಿನ ಇರುತ್ತೇನೆ, ಹದಿನೇಳನೆಯದನ್ನು ಮುಗಿಸಿಯೇ ಹೋಗುತ್ತೇನೆ ಎಂದಳು. ಶಾರದೆ ಅಟ್ಟದಿಂದ ಡಬ್ಬ ಇಳಿಸಿ ನನ್ನ ಮುಂದಿಟ್ಟಳು.

“ಮುರಿದೋರು ನೀವು, ಸರಿ ಮಾಡಿಸೋರೂ ನೀವೇ. ಇಲ್ಲಾಂದ್ರೆ ಭಾನುವಾರ ಅವಳ ಮುಂದೆ ಕೂತು ನೀವೇ ಹೇಳಿ ಮಾರಾಯ್ರೆ.”

ಶನಿವಾರದೊಳಗೆ ಆಗುತ್ತದೆ ಎಂದೆ. ನಾನು ಹೇಳಿದ ಹೊತ್ತು ಎಂದೂ ತಪ್ಪಿದ್ದಿಲ್ಲ. ಶಿವಮೊಗ್ಗದ ಮೂರು ಅಂಗಡಿಗಳಲ್ಲಿ ಒಬ್ಬ ನಕ್ಕ, ಒಬ್ಬ ಹೊಸ ಡಬ್ಬ ತೋರಿಸಿದ, ಮೂರನೆಯವನು ಇದನ್ನು ಯಾವ ಮ್ಯೂಸಿಯಮ್ಮಿಗೆ ಕೊಡುತ್ತೀರಿ ಎಂದು ವಿನಯದಿಂದ ಕೇಳಿದ. ಮರುದಿನ ಭದ್ರಾವತಿಯ ಬಸ್ಸು ಹತ್ತಿದೆ. ಡಬ್ಬಕ್ಕೆ ಪೆಟ್ಟಾಗದಿರಲೆಂದು ಮನೆಯಲ್ಲೇ ಬಿಟ್ಟು, ‘ಒಂಬತ್ತು ಪಿನ್, ಒಂದು’ ಎಂದು ಅಂದವಾಗಿ ಚೀಟಿ ಬರೆದುಕೊಂಡಿದ್ದೆ. ಮಲವಗೊಪ್ಪ ದಾಟುವಷ್ಟರಲ್ಲಿ ಅದನ್ನು ನಾಲ್ಕು ಸಲ ಓದಿದ್ದೆ.

ಟೀವಿ ರಿಪೇರಿಯ ರಫೀಕ್ ನಮ್ಮ ಹಳೆಯ ಪರಿಚಯ. ಚೀಟಿ ಓದಿ, ಹಳೇ ಕಂಪ್ಯೂಟರಿನ ಪೋರ್ಟೇ ಇದಕ್ಕೂ ಆಗುತ್ತದೆ ಎಂದು ಡ್ರಾಯರು ಎಳೆದ.

“ಮೇಲಾ ಸಾರ್?”

ಎಷ್ಟು ಚುರುಕಿನ ಮನುಷ್ಯ, ನೋಡದೆಯೇ ಎರಡು ಪೋರ್ಟಿರುವುದು ತಿಳಿದಿದೆಯಲ್ಲ ಎಂದು ಮೆಚ್ಚಿಕೊಂಡೆ.

“ಮೇಲಲ್ಲಪ್ಪ, ಕೆಳಗಿಂದು.”

ಅವನು ಒಂದು ಕ್ಷಣ ನನ್ನ ಮುಖ ನೋಡಿ, ಒಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ.

ಮನೆಗೆ ಬಂದು ಬಿಚ್ಚಿದರೆ ಪಿನ್ನುಗಳೇ ಇಲ್ಲ, ಒಂಬತ್ತು ತೂತು. ರಿಮೋಟಿನ ವೈರಿನ ತುದಿಯಲ್ಲೂ ಒಂಬತ್ತು ತೂತು. ತೂತಿಗೆ ತೂತು ಹೇಗೆ ಕೂರಿಸುತ್ತೀರಿ ಎಂದು ಶಾರದೆ ಕೇಳಿದಳು. ಫೋನಿನಲ್ಲಿ ರಫೀಕನನ್ನು ಗದರಿದೆ.

“ನೀವೇ ಮೇಲ್ ಅಲ್ಲ ಅಂದ್ರಲ್ಲ ಸಾರ್. ಅದಕ್ಕೇ ಫೀಮೇಲ್ ಕೊಟ್ಟೆ. ಪಿನ್ ಇರೋದು ಮೇಲು, ತೂತಿರೋದು ಫೀಮೇಲು.”

ಈ ವಯಸ್ಸಿನಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ಫೋನಿನಲ್ಲಿ ಕಲಿತೆ. ಶಾರದೆ ಸೋಫಾದಲ್ಲಿ ಕೂತು ಕಣ್ಣೊರೆಸಿಕೊಂಡು ನಕ್ಕಳು. ಶನಿವಾರ ಡಬ್ಬ ಹಿಡಿದು ರಫೀಕನ ಅಂಗಡಿಗೆ ತಾನೂ ಬಂದಳು. ನಾನು ಎದುರಿನ ಹೋಟೆಲಿನಲ್ಲಿ ಹತ್ತು ಗಂಟೆಯ ಕಾಫಿ ಕುಡಿದು ಬರುವಷ್ಟರಲ್ಲಿ, ಅವರಿಬ್ಬರು ಏನೋ ಪಿಸುಗುಟ್ಟಿ ಕೆಲಸ ಮುಗಿಸಿದ್ದರು.

ಭಾನುವಾರ ಸೆಲ್ವಿ ಬಂದಳು. ಸಂಜೆ ಆರಕ್ಕೆ ಶುರುವಾದ ಆಟ ಏಳೂಐವತ್ತೈದಕ್ಕೆ ಹದಿನೇಳನೇ ಹಂತ ಮುಟ್ಟಿತು. ಎಂಟು ಹೊಡೆಯಿತು. ನಾನು ತಡೆದುಕೊಂಡೆ ಎಂದೇ ಹೇಳಬೇಕು; ಆದರೆ ಕೈ ನನ್ನ ಮಾತು ಕೇಳಲಿಲ್ಲ. ಹೋಗಿ ಕೆಳಗಿನ ವೈರು ಎಳೆದೆ. ಬರಲಿಲ್ಲ. ಬಗ್ಗಿ ನೋಡಿದರೆ ರಫೀಕ ಎರಡೂ ಬದಿಗೆ ಸ್ಕ್ರೂ ಹಾಕಿ ಬಿಗಿದಿದ್ದ.

“ಅಣ್ಣಾ, ಸ್ವಲ್ಪ ಪಕ್ಕಕ್ಕೆ, ಟೀವಿ ಕಾಣಲ್ಲ,” ಎಂದಳು ಸೆಲ್ವಿ, ಕಣ್ಣು ಕೀಳದೆ.

“ಅನ್ನ ಆಗಿದೆ ರೀ, ಸಾರು ಬಿಸಿ ಮಾಡಿ,” ಎಂದಳು ಶಾರದೆ.

ಅಡುಗೆಮನೆ ತಲುಪಿದಾಗ ಗೋಡೆಯ ಗಡಿಯಾರದಲ್ಲಿ ಎಂಟೂ ನಾಲ್ಕು. ಹೊರಗೆ ಇಬ್ಬರೂ ಚಪ್ಪಾಳೆ ತಟ್ಟಿದ್ದು ಕೇಳಿಸಿತು. ಕೆಂಪು ಶಾಯಿಯ ಪೆನ್ನು ಜೇಬಿನಲ್ಲೇ ಇತ್ತು. ಬರೆಯಬೇಕಾದದ್ದು ನನ್ನ ಹೆಸರಾದ್ದರಿಂದ ಈ ಒಂದು ಸಲ ಬಿಟ್ಟುಬಿಟ್ಟೆ.