ಅಪನಂಬಿಕೆಯ ಪ್ರಮಾಣಪತ್ರ

ಸಣ್ಣ ಉದ್ದಿಮೆದಾರರಲ್ಲಿ ಪರಸ್ಪರ ನಂಬಿಕೆ ಇಲ್ಲವೆಂಬುದು ವಿಶ್ವಾಸ ವರ್ಧನಾ ಕಚೇರಿಯ ಗಮನಕ್ಕೆ ಬಂದದ್ದರಿಂದ, ಇನ್ನು ಮುಂದೆ ಅವರ ನಡುವಿನ ಎಲ್ಲ ವ್ಯಾಪಾರವೂ ಕಚೇರಿಯ ಆನ್‌ಲೈನ್ ವ್ಯವಸ್ಥೆಯ ಮೂಲಕವೇ ನಡೆಯತಕ್ಕದ್ದೆಂದು ಆದೇಶವಾಯಿತು. ಯಾರನ್ನು ನೂರಕ್ಕೆ ಎಷ್ಟು ನಂಬಬಹುದೆಂದು ಕಂಪ್ಯೂಟರೇ ಹೇಳುತ್ತದೆ. ಮನುಷ್ಯರಿಗೆ ಆ ತಲೆನೋವು ತಪ್ಪಿತು.

ಬಿಸ್ಕತ್ತು ಮಾಡುವ ಅಕ್ಕ, ಪಕ್ಕದ ಅಂಗಡಿಯಲ್ಲಿ ರಟ್ಟಿನ ಡಬ್ಬ ಮಾಡುವ ತಮ್ಮ, ಇಬ್ಬರೂ ಅರ್ಜಿ ಹಾಕಿದರು. ಹದಿನೆಂಟು ವರ್ಷದಿಂದ ಅಕ್ಕ ಗೋಡೆ ತಟ್ಟಿದರೆ ಸಾಕು, ಡಬ್ಬ ಬಂದು ಬೀಳುತ್ತಿತ್ತು. ಅರ್ಜಿ ತಿರಸ್ಕೃತವಾಯಿತು. ಇತ್ತ ಆಸ್ಪತ್ರೆಯ ಕ್ಯಾಂಟೀನಿಗೆ ಶುಕ್ರವಾರ ಕೊಡಬೇಕಾದ ಬಿಸ್ಕತ್ತು ಡಬ್ಬವಿಲ್ಲದೆ ತಟ್ಟೆಯಲ್ಲೇ ಮೆತ್ತಗಾಗುತ್ತಿತ್ತು. ಆ ಆರ್ಡರು ಕೈತಪ್ಪಿದರೆ ಅಕ್ಕ ಅಂಗಡಿ ಮುಚ್ಚಬೇಕಿತ್ತು. ಇಬ್ಬರೂ ಕಚೇರಿಗೆ ಓಡಿದರು.

"ನೀವಿಬ್ರೂ ಮೊದಲಿಂದ್ಲೇ ಒಬ್ಬರನ್ನೊಬ್ಬರು ನಂಬ್ತೀರಂತಲ್ಲಮ್ಮಾ?" ಎಂದರು ಅಧಿಕಾರಿ.

"ಹೌದು ಸಾರ್. ನನ್ನ ಸ್ವಂತ ತಮ್ಮ."

"ಅದೇ ತೊಂದರೆ ಆಗಿರೋದು. ಹನ್ನೊಂದನೇ ನಿಯಮದ ಪ್ರಕಾರ, ವ್ಯವಸ್ಥೆಯ ಹೊರಗೆ ಹುಟ್ಟಿದ ನಂಬಿಕೆ ಅನಧಿಕೃತ. ಅದನ್ನ ರದ್ದು ಮಾಡಿಸಿ, ಸೊನ್ನೆಯಿಂದ ಶುರು ಮಾಡ್ಬೇಕು. ಅಪನಂಬಿಕೆ ಪ್ರಮಾಣಪತ್ರ ತನ್ನಿ."

"ಅದನ್ನ ಯಾರು ಕೊಡ್ತಾರೆ?"

"ನಾನೇ. ನನ್ನೆದುರಿಗೆ ಜಗಳ ಆಡಿ. ಮೂರು ಆರೋಪ ಸಾಕು."

ತಮ್ಮ ಗಂಟಲು ಸರಿಮಾಡಿಕೊಂಡು, "ಅಕ್ಕ ಬಿಸ್ಕತ್ತು ಸೀಯಿಸ್ತಾಳೆ," ಎಂದ. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನಗು ಬೆರೆತ ಆರೋಪ ಊರ್ಜಿತವಲ್ಲವೆಂದು ಅಧಿಕಾರಿ ಹೊಡೆದುಹಾಕಿದರು.

"ನಿನ್ನ ಡಬ್ಬದ ಮುಚ್ಚಳ ನೆಟ್ಟಗೆ ಕೂರಲ್ಲ ಕಣೋ," ಎಂದಳು ಅಕ್ಕ.

"ಗೊತ್ತಿದ್ದೂ ಇಷ್ಟು ವರ್ಷ ಯಾಕೆ ತಗೊಂಡೆ?"

"ಇನ್ಯಾರು ತಗೋತಾರೆ ನಿನ್ ಹತ್ರ? ಪಾಪ ಅಂತ ತಗೊಂಡೆ."

ತಮ್ಮ ಮುಖ ತಿರುಗಿಸಿದ. ಅಕ್ಕ, "ಸುಮ್ನೆ ಬಾಯಿಗೆ ಬಂತು ಕಣೋ," ಎಂದಳು. ಅವನು ಕಿಟಕಿಯಾಚೆ ನೋಡುತ್ತಿದ್ದ. ಅಧಿಕಾರಿಗಳಿಗೆ ಪರಮ ಸಂತೋಷವಾಯಿತು. ಇಂಥ ಅಪ್ಪಟ ದಾಖಲೆ ಅಪರೂಪವೆಂದು ಹೇಳಿ, ಉಳಿದ ಆರೋಪಗಳಿಂದ ವಿನಾಯಿತಿ ನೀಡಿ, ಸ್ಥಳದಲ್ಲೇ ಮೊಹರು ಒತ್ತಿದರು.

ಡಬ್ಬಗಳು ತಮ್ಮನ ಅಂಗಡಿಯಿಂದ ಲಾರಿ ಹತ್ತಿ, ದೂರದ ಉಗ್ರಾಣದಲ್ಲಿ ತಪಾಸಣೆಗೊಂಡು, ಶುಕ್ರವಾರ ಬೆಳಿಗ್ಗೆ ಪಕ್ಕದಂಗಡಿ ತಲುಪಿದವು. ಆರ್ಡರು ಉಳಿಯಿತು. ಅಲ್ಲಿಂದಾಚೆಗೆ ಇಬ್ಬರ ನಡುವೆ ಒಂದು ದೂರಿಲ್ಲ, ಒಂದು ಮಾತೂ ಇಲ್ಲ. ವರ್ಷದ ಕೊನೆಗೆ ನೂರಕ್ಕೆ ನೂರು ಅಂಕ ಪಡೆದ ಏಕೈಕ ಜೋಡಿ ಇದೇ ಆಗಿ, ಕಚೇರಿ ಸನ್ಮಾನ ಏರ್ಪಡಿಸಿತು.

ವೇದಿಕೆಯಲ್ಲಿ ಎರಡು ಮಾತಾಡಲು ಹೇಳಿದಾಗ ಅಕ್ಕ ಮೈಕಿನ ಮುಂದೆ ನಿಂತು, "ಡಬ್ಬದವರು ತುಂಬಾ ನಂಬಿಕಸ್ಥರು. ಅವರ ಪರಿಚಯ ಆಗಿದ್ದು ನಮ್ಮ ಪುಣ್ಯ," ಎಂದಳು. ತಮ್ಮನೂ ಎದ್ದುನಿಂತು, ಬಿಸ್ಕತ್ತಿನ ಮೇಡಂ ಅವರಿಗೆ ವಂದನೆ ಸಲ್ಲಿಸಿದ.

ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅವರಿಬ್ಬರ ಅಮ್ಮನೂ ತಟ್ಟಿದರು.